ಪುಟ್ಟಕ್ಕನ ಕಾಲಿನ ಸಾಕ್ಷಿ

ನನ್ನ ಕಾರಿನ ಬ್ರೇಕ್ ಪೆಡಲ್ ತುಳಿದರೆ ನೆಲಕ್ಕಿಳಿಯುತ್ತದೆ ಎಂಬ ಸಂಗತಿಯನ್ನು ಈ ಲೋಕದಲ್ಲಿ ಒಬ್ಬರು ಮಾತ್ರ ನಂಬುವುದಿಲ್ಲ. ದುರದೃಷ್ಟಕ್ಕೆ ನಾನು ಅವರನ್ನೇ ಮದುವೆಯಾಗಿದ್ದೇನೆ.

ನಾಳೆ ರೊಳ್ಳದಲ್ಲಿ ನನ್ನ ನಾದಿನಿ ಪವಿತ್ರಳ ಸೀಮಂತ. ಹಿರಿಯಕ್ಕನಾಗಿ ಮೊದಲು ಮಡಿಲು ತುಂಬಬೇಕಾದವಳು ನನ್ನ ಶ್ರೀಮತಿ ಸೌಭಾಗ್ಯ. ರಾಯದುರ್ಗದಿಂದ ಹೊರಡಲೆಂದು ಬೆಳಿಗ್ಗೆ ಕಾರು ತೆಗೆದೆ. ಬೀದಿಯ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಬೆಣ್ಣೆಯ ಮೇಲೆ ಕಾಲಿಟ್ಟ ಹಾಗಾಯಿತು. ಹೇಗೋ ವಾಪಸು ತಂದು ಮನೆ ಮುಂದೆ ನಿಲ್ಲಿಸಿ, ಇರುವ ವಿಷಯ ಇದ್ದ ಹಾಗೆ ಹೇಳಿದೆ.

"ನನ್ನ ತವರಿಗೆ ಹೊರಟಾಗ್ಲೇ ನಿಮ್ ಕಾರಿಗೆ ಜ್ವರ ಬರ್ತೈತಲ್ಲ, ಅದೆಂಗೆ?"

"ನೀನ ತುಳಿದು ನೋಡು ಬೇಕಾದ್ರ."

ತುಳಿದಳು. ಎಂಜಿನ್ ಬಂದ್ ಆಗಿತ್ತು. ಎರಡು ತುಳಿತಕ್ಕೇ ಪೆಡಲ್ ಬಂಡೆಯಂತೆ ಗಟ್ಟಿಯಾಗಿ ನಿಂತಿತು. (ವಸ್ತುಗಳಿಗೂ ನನ್ನ ಮೇಲೆ ಹಗೆ ಇದೆ.)

"ಹಂಗಲ್ಲ. ಎಂಜಿನ್ ಚಾಲೂ ಮಾಡಿ ಒತ್ತಿ ಹಿಡಿದ್ರ ಇಳೀತೈತಿ."

"ಹಂಗಾದ್ರೆ ಚಾಲೂ ಮಾಡ್ದೆ ಹೋಗಾನ ಬಿಡಿ!"

ಮೆಕ್ಯಾನಿಕ್ ಹೊನ್ನೂರಪ್ಪನನ್ನು ಕರೆಸಿದೆ. ಅವನು ಬಾನೆಟ್ ಎತ್ತಿದ, ನಾಲ್ಕೂ ಚಕ್ರದ ಹಿಂದೆ ಇಣುಕಿದ. "ಬ್ರೇಕ್ ಆಯಿಲ್ ತುಂಬೈತಿ, ಹೊರಗ ಎಲ್ಲೂ ಸೋರಿಲ್ರಿ. ಪೈಪಿನ್ಯಾಗ ಗಾಳಿ ಕುಂತಿರಬೇಕು. ಇಲ್ಲಾಂದ್ರ ಮಾಸ್ಟರ್ ಸಿಲಿಂಡರಿನ ರಬ್ಬರ್ ಸವದು ಆಯಿಲ್ ಒಳಗೊಳಗ ಹಿಂದಕ್ಕ ಜಾರ್ತಿರಬೇಕು. ಅದಾದ್ರ ಸಾಮಾನು ಬಳ್ಳಾರಿಯಿಂದ ಬರಬೇಕ್ರಿ" ಎಂದು ಹೇಳಿ ಹೋದ.

"ಸೋರ್ತೈತಂತೆ, ಆದ್ರೆ ಕಾಣಲ್ವಂತೆ! ಅವನಿಗೆ ನೀವು ಟೀ ಕುಡ್ಸಿದ್ದು ನೋಡ್ದೆ ಕಣ್ರೀ ನಾನು" ಎಂದಳು ಸೌಭಾಗ್ಯ. ಒಂದು ಲೋಟ ಟೀಗೆ ಹೊನ್ನೂರಪ್ಪನ ಸಾಕ್ಷಿ ಬಿದ್ದುಹೋಯಿತು.

ಅನುಮಾನಪಡುವ ಹಕ್ಕು ಹೆಂಡತಿಯೊಬ್ಬಳದೇ ಅಲ್ಲ. ನನ್ನ ಅನುಮಾನವೆಲ್ಲ ಅವಳ ತಮ್ಮ ತಿಮ್ಮರಾಜುವಿನ ಮೇಲೆ. ಕಳೆದ ತಿಂಗಳು ಭೈರವಾನಿತಿಪ್ಪ ಡ್ಯಾಮ್ ನೋಡಿ ಬರುತ್ತೇನೆಂದು ನನ್ನ ಕಾರು ಒಯ್ದಿದ್ದ. ತಂದು ನಿಲ್ಲಿಸಿದಾಗ ಅವನ ಮುಖದಲ್ಲಿ ಏನೋ ಇತ್ತು. ಅದನ್ನು ಈಗ ಹೇಳಿದ್ದರೆ ಮಧ್ಯಾಹ್ನ ನನಗೆ ಊಟ ಸಿಗುತ್ತಿರಲಿಲ್ಲ, ಹಾಗಾಗಿ ಬಾಯಿ ಮುಚ್ಚಿಕೊಂಡು ಗಾಳಿ ತೆಗೆಯಲು ಕಾರಿನ ಕೆಳಗೆ ತೂರಿದೆ.

ಈ ಗಾಳಿ ತೆಗೆಯುವ ಮಹತ್ಕಾರ್ಯಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹಿಂದಿನ ಸ್ಕ್ರೂ ಸಡಿಲಿಸಿ ಮತ್ತೆ ಬಿಗಿಯಬೇಕು. ಮೇಲಿನವರು ನಡುವೆ ಕಾಲು ತೆಗೆದರೆ ಹೋದ ಗಾಳಿ ಪರಿವಾರ ಸಮೇತ ಹಿಂದಿರುಗುತ್ತದೆ.

"ಒತ್ತಿ ಹಿಡಿ!"

"ಹಿಡ್ದಿವ್ನಿ."

"ನಾ ಅನ್ನೋತನಕ ಬಿಡಬ್ಯಾಡ."

"ಅಲ್ಲಾ, ಪವಿತ್ರಂಗೆ ಹಸಿರು ಬಳೆ ತಗಂಡ್ರೋ ಇಲ್ವೋ?" ಎನ್ನುತ್ತಾ ಸೌಭಾಗ್ಯ ಕಾಲು ತೆಗೆದು ಬಾಗಿಲಿಂದ ಬಗ್ಗಿ ನೋಡಿದಳು. ಬ್ರೇಕ್ ಆಯಿಲ್ ನನ್ನ ಅಂಗಿಗೆ ಹರಿಯಿತು. ಮತ್ತೆ ಮೊದಲಿಂದ ಶುರು. ಕೊನೆಗೆ ಗುಳ್ಳೆ ಬರುವುದು ನಿಂತಿತು, ಪೆಡಲ್ ಮಾತ್ರ ಇಳಿಯುವುದನ್ನು ನಿಲ್ಲಿಸಲಿಲ್ಲ. ಹಾಗಾದರೆ ಕೆಟ್ಟಿರುವುದು ರಬ್ಬರೇ! ನನಗೆ ಸಂತೋಷವೋ ಸಂತೋಷ.

"ನೀವು ಕೆಳಗೆ ಕೈಯಾಡಿಸಿದ್ಮೇಲೆ ಇಳೀದೇ ಇರ್ತೈತಾ? ಬೇರೆ ಯಾರಾದ್ರೂ ತುಳಿದು ಹೇಳ್ಲಿ" ಎಂದಳು.

ನಮ್ಮ ಬೀದಿ ಪೂರ್ತಿ ಜೀನ್ಸ್ ಪ್ಯಾಂಟ್ ಹೊಲಿಯುವವರದು. ಬೆಳಗಿನಿಂದ ಸಂಜೆಯವರೆಗೆ ಎಲ್ಲರ ಕಾಲೂ ಮಶೀನಿನ ಪೆಡಲ್ ಮೇಲೆಯೇ. ಅವರಲ್ಲಿ ಹಿರಿಯಳು ಎದುರು ಮನೆಯ ಪುಟ್ಟಕ್ಕ. ಮಶೀನ್ ಕೆಟ್ಟರೆ ಕಾಲಿನಲ್ಲೇ ರೋಗ ಹೇಳುವವಳು ಎಂಬ ಖ್ಯಾತಿ ಅವಳಿಗಿದೆ. ಪುಟ್ಟಕ್ಕನ ಕಾಲು ಸುಳ್ಳು ಹೇಳುವುದಿಲ್ಲವೆಂದು ನನ್ನವಳೂ ಒಪ್ಪಿದಳು. ಕತ್ತರಿ, ದಾರ ಬಿಟ್ಟು ಇಡೀ ಬೀದಿ ಪಂಚಾಯ್ತಿಗೆ ಸೇರಿತು.

ಪುಟ್ಟಕ್ಕ ಸೆರಗು ಸಿಕ್ಕಿಸಿ, ಸ್ಟೀರಿಂಗಿಗೆ ಕೈಮುಗಿದು ಕುಳಿತಳು. ಪಕ್ಕದಲ್ಲಿ ನಾನು. ಅವಳ ಕಾಲು ಬ್ರೇಕಿನ ಮೇಲೆ ಬಂದದ್ದನ್ನು ನೋಡಿಕೊಂಡು, ಗೇರ್ ಬಿಡಿಸಿ ಎಂಜಿನ್ ಚಾಲೂ ಮಾಡಿದೆ.

"ಶಿವಶಂಕರಣ್ಣ... ಇಳೀತೈತಿ ನೋಡ್ರಿ... ಮೆಲ್ಲಕ ಇಳೀತೈತಿ! ಯವ್ವಾ ಸೌಭಾಗ್ಯ, ನಿನ್ನ ಗಂಡ ಖರೇನ ಹೇಳ್ಯಾನ!"

"ದಿಗುತಾಂದಪ್ಪಾ, ದಿಗುತಾಂದಿ!" ಎಂದು ಟೈಲರ್ ಜಂಬಯ್ಯ ಸಡಗರದಲ್ಲಿ ಅದನ್ನೇ ತೆಲುಗಿನಲ್ಲಿ ಸಾರಿದ. ನನ್ನ ಕಣ್ಣುಗಳು ತುಂಬಿ ಬಂದವು. ಮದುವೆಯಾದ ಮೇಲೆ ಮೊದಲ ಬಾರಿ ನನ್ನ ಮಾತು ನಿಜವೆಂದು ನಾಲ್ಕು ಜನರ ಎದುರು ಸಾಬೀತಾಗಿತ್ತು. ಆ ಆನಂದಬಾಷ್ಪದ ನಡುವೆ ಬೀದಿಯ ಮನೆಗಳು ಹಿಂದಕ್ಕೆ ಸರಿಯುತ್ತಿರುವಂತೆ ಕಂಡಿತು.

ನಮ್ಮ ಬೀದಿ ಬೆಟ್ಟದ ಕಡೆಯಿಂದ ಇಳಿಜಾರು. ಕಾರು ಉರುಳದಂತೆ ಚಕ್ರಕ್ಕೆ ಕಲ್ಲು ಕೊಡುವುದು ವಾಡಿಕೆ. ಗಾಳಿ ತೆಗೆಯುವಾಗ ಆ ಕಲ್ಲು ಬೆನ್ನಿಗೆ ಒತ್ತುತ್ತದೆಂದು ನಾನೇ ಪಕ್ಕಕ್ಕೆ ಎತ್ತಿಟ್ಟಿದ್ದೆ. ಆಮೇಲೆ ಕಾರನ್ನು ಹಿಡಿದು ನಿಲ್ಲಿಸಿದ್ದು ಗೇರ್ ಒಂದೇ, ಅದನ್ನೂ ಈಗ ಬಿಡಿಸಿದ್ದೆ. ಹ್ಯಾಂಡ್ ಬ್ರೇಕ್ ಎಳೆದೆ. ಅದು ಎಂದಿನಿಂದಲೋ ಬರೀ ಅಲಂಕಾರಕ್ಕಿದೆ.

"ನಾ ಒತ್ತೇ ಇದ್ದೀನೋ ಯಪ್ಪಾ!" ಎಂದು ಪುಟ್ಟಕ್ಕ ಮಶೀನ್ ತುಳಿದ ಹಾಗೆ ತುಳಿಯುತ್ತಿದ್ದಳು. ಕೆಳಗಿನ ತಿರುವಿನಿಂದ ಹೊಸ ಕಾರೊಂದು ಏರಿ ಬಂದು ನಮ್ಮನ್ನು ಕಂಡು ಗಕ್ಕನೆ ನಿಂತಿತು. ನಾವು ನಿಲ್ಲಲಿಲ್ಲ. ಹೋಗಿ ಅದರ ಹೆಡ್‌ಲೈಟಿಗೆ ಮುತ್ತಿಟ್ಟೆವು.

ಯಾರಿಗೂ ಏಟಾಗಲಿಲ್ಲ. ಆ ಕಾರಿನಿಂದ ಇಳಿದವನು ತಿಮ್ಮರಾಜು. ಸೀಟಿನ ಪ್ಲಾಸ್ಟಿಕ್ಕನ್ನು ಇನ್ನೂ ತೆಗೆಯದ ಕಾರು ಅದು. ಸೌಭಾಗ್ಯ ನನಗೆ ತಿಳಿಸದೆ ಬೆಳಿಗ್ಗೆಯೇ ಅವನಿಗೆ ಫೋನ್ ಮಾಡಿ, ಸೀಮಂತಕ್ಕೆ ಕರೆದೊಯ್ಯಲು ಬಾ ಎಂದಿದ್ದಳು.

"ಭಾವ, ಡ್ಯಾಮಿಗೆ ಹೋದಾಗ್ಲೇ ಪೆಡಲ್ ಮೆತ್ತಗಿತ್ತು. ಅಕ್ಕಂಗೆ ಹೇಳಿದ್ನಲ್ಲ!"

"ಹೇಳ್ದ. ನೀವೇ ಹೇಳ್ಕೊಟ್ಟು ಕಳ್ಸಿದೀರ ಅನ್ಕಂಡೆ" ಎಂದಳು ಸೌಭಾಗ್ಯ. ಒಡೆದ ಹೆಡ್‌ಲೈಟನ್ನು ನೋಡಿದಳು. ನಡುಗುತ್ತ ಇಳಿದ ಪುಟ್ಟಕ್ಕನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. "ಆಯ್ತು, ನಂಬಿದೆ. ಬ್ರೇಕು ಹೋಗೈತೆ. ಹೋಗೈತೆ ಅಂತ ಗೊತ್ತಿದ್ದೂ, ವಯಸ್ಸಾದೋರ್ನ ಕೂರಿಸ್ಕಂಡು ಇಳಿಜಾರಲ್ಲಿ ಯಾಕ್ರೀ ಗಾಡಿ ಚಾಲೂ ಮಾಡಿದ್ರಿ?"

ಪಂಚಾಯ್ತಿಯವರೆಲ್ಲ ನನ್ನತ್ತ ತಿರುಗಿದರು. ಜಂಬಯ್ಯ ತಲೆಯಾಡಿಸಿದ. ಪುಟ್ಟಕ್ಕನ ಮಗ ತೋಳು ಮಡಚಿಕೊಳ್ಳುತ್ತಾ ಮುಂದೆ ಬಂದ.

"ಅಷ್ಟೇನ್ ಕೆಟ್ಟಿಲ್ರಿ" ಎಂದೆ ನಾನು, ಎರಡೂ ಕೈ ಎತ್ತಿ. "ದೇವರಾಣಿಗೂ ಬ್ರೇಕ್ ಸರಿಯಾಗೇ ಐತಿ. ಬೇಕಾದ್ರ ಎಂಜಿನ್ ಬಂದ್ ಮಾಡಿ ತುಳಿದು ನೋಡ್ರಿ, ಕಲ್ಲಿನಂಗ ಐತಿ!"

ಒಬ್ಬರೂ ನಂಬಲಿಲ್ಲ.