ಸಭೆಯಲ್ಲಿ ಸ್ಥಳ ಖಾಲಿ ಇದೆ

ಭಾನುವಾರ ಬೆಳಿಗ್ಗೆ ಏಳೂವರೆಗೆ ಕರಡಿಯಣ್ಣ ಅರ್ಧ ಗಡ್ಡ ಬೋಳಿಸಿಕೊಂಡು, ಇನ್ನರ್ಧಕ್ಕೆ ಸೋಪಿನ ನೊರೆ ಹಚ್ಚಿಕೊಂಡು ಕನ್ನಡಿಯ ಮುಂದೆ ನಿಂತಿದ್ದಾಗ, ಅಡುಗೆಮನೆಯಿಂದ ಅವನ ಹೆಂಡತಿ ಕೂಗಿ ಕೇಳಿದಳು:

"ರೀ, ನಮ್ಮ ಚರ್ಚಲ್ಲಿ ಇವತ್ತು ಕೆಲಸ ಕೊಡ್ತಾರಂತಾ?"

"ಯಾರು ಹೇಳಿದ್ದು?"

"ನಿಮ್ಮ ಪ್ರೆಸ್ಸಿನ ಕಾಗದಾನೇ ಹೇಳ್ತಾ ಇದೆ. ಎದುರುಮನೆಯೋರು ಅಳಿಯನ್ನ ಕರ್ಕೊಂಡು ಆಗ್ಲೇ ಹೊರಟುಬಿಟ್ರು. ನನಗೊಂದು ಮಾತು ಹೇಳಿದ್ರೆ ನನ್ನ ತಮ್ಮನ್ನೂ ಕಳಿಸ್ತಿದ್ದೆ."

ಕರಡಿಯಣ್ಣ ನೊರೆಯ ಮುಖದಲ್ಲೇ ಬಂದು ಕಾಗದ ಕಸಿದುಕೊಂಡ. ಓದಿದ. ಕುರ್ಚಿ ಇದೆಯೋ ಇಲ್ಲವೋ ನೋಡದೆ ಹಾಗೇ ಕೂತ. ಪುಣ್ಯಕ್ಕೆ ಕುರ್ಚಿ ಇತ್ತು.

ಕರಡಿಯಣ್ಣ ಅಂದರೆ ಭಾರೀ ಆಳೇನಲ್ಲ. ಫ್ಯಾನು ಜೋರಾಗಿ ತಿರುಗಿದರೆ ಮೇಜು ಹಿಡಿದುಕೊಳ್ಳಬೇಕಾದಂಥ ಮೈಕಟ್ಟು. ಇಪ್ಪತ್ತೆರಡು ವರ್ಷದಿಂದ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ. ಅಚ್ಚಿಗೆ ಹೋಗುವ ಮೊದಲು ಪ್ರತಿ ಹಾಳೆಯನ್ನೂ ಓದಿ, ತಪ್ಪಿಗೆ ಕೆಂಪು ಗುರುತು ಹಾಕಿ, ಕೊನೆಗೆ 'ಸರಿಯಿದೆ' ಎಂದು ಸಹಿ ಮಾಡುವವನು ಅವನೇ. ಕರಡು ನೋಡುವವನು ಮಷಿನ್ನಿನವರ ಬಾಯಲ್ಲಿ ಕರಡಿಯಾದ. ಮರ್ಯಾದೆಗೆ ಒಂದು ಅಣ್ಣ ಸೇರಿತು.

ಮುದ್ರಣಾಲಯದ ಯಜಮಾನರೇ ಚರ್ಚಿನ ಹಿರಿಯರು. ಚರ್ಚಿನ ಪಾದ್ರಿಗಳು, ಎಲ್ಲರ ಬಾಯಲ್ಲೂ ಅಯ್ಯನವರು, ಹನ್ನೊಂದು ವರ್ಷದಿಂದ ಒಂದೇ ಪ್ರಾರ್ಥನೆ ಹಿಡಿದು ಕೂತವರು: ಈ ಸಭೆಗೆ ಉಜ್ಜೀವನ ಬರಲಿ, ಸತ್ತಂತಿರುವ ಭಕ್ತಿಗೆ ಮತ್ತೆ ಜೀವ ಬರಲಿ. ಅವರು ಹಾಗೆ ಕೇಳಿಕೊಳ್ಳುವುದರಲ್ಲಿ ಅತಿಶಯವೇನೂ ಇರಲಿಲ್ಲ. ಇನ್ನೂರು ಜನ ಕೂರುವ ಚರ್ಚಿಗೆ ಬರುತ್ತಿದ್ದವರು ಮೂವತ್ತೊಂದು ಜನ. ಒಬ್ಬರ ಪಕ್ಕ ಒಬ್ಬರು ಕೂರದೆ ಕಂಬಕ್ಕೊಬ್ಬರಂತೆ ಹಂಚಿಹೋಗಿ ಕೂರುವರು. ಅವರ 'ಆಮೆನ್' ಕೇಳಿದರೆ ಆಕಳಿಕೆಯ ಕೊನೆ ಯಾವುದು, ಆಮೆನ್ನಿನ ಮೊದಲು ಯಾವುದು ಎಂದು ಹೇಳುವುದು ಕಷ್ಟ.

ಆದ್ದರಿಂದಲೇ ಅಯ್ಯನವರು ಈ ಸಲ ಉಜ್ಜೀವನ ಕೂಟ ಇಟ್ಟು, ಎರಡು ಸಾವಿರ ಕರಪತ್ರ ಅಚ್ಚು ಹಾಕಿಸಿ, ಪ್ರೆಸ್ಸಿನಿಂದಲೇ ನೇರವಾಗಿ ಮನೆಮನೆಗೆ ಹಂಚಿಸಿದ್ದರು. ಕಂಪ್ಯೂಟರಿನ ಹುಡುಗಿ ಅವಸರದಲ್ಲಿ ಒತ್ತಕ್ಷರ ಬಿಟ್ಟು 'ಉಜೀವನ' ಎಂದು ಹೊಡೆದಿದ್ದಳು. ಅಲ್ಲೊಂದು ಜಕಾರದ ಒತ್ತು ಹಾಕಬೇಕಿತ್ತು. ಆದರೆ ಕರಡಿಯಣ್ಣ ಆ ವಾರವಿಡೀ ಉಪಜೀವನ ಮಾರ್ಗಗಳ ಬಗ್ಗೆ ನಾನೂರು ಪುಟದ ಪುಸ್ತಕವೊಂದರ ಕರಡು ನೋಡುತ್ತಿದ್ದ. ಅಭ್ಯಾಸಬಲದಿಂದ ಕೈ ಉ ಮತ್ತು ಜೀ ನಡುವೆ ಒಂದು 'ಪ' ಸೇರಿಸಿತು. ಕೆಳಗೆ 'ಸರಿಯಿದೆ' ಎಂದು ಸಹಿಯನ್ನೂ ಮಾಡಿತು.

ಈಗ ಆ ಕಾಗದ ಹೀಗಿತ್ತು:

'ಉಪಜೀವನ ಮಹಾಕೂಟ! ಇನ್ನೆಷ್ಟು ವರ್ಷ ಕಾಯುವಿರಿ? ಇದ್ದ ಹಾಗೆಯೇ ಬನ್ನಿ. ವಯಸ್ಸು, ವಿದ್ಯೆ ಯಾವುದೂ ಅಡ್ಡಿಯಲ್ಲ. ಬರಿಗೈಯಲ್ಲಿ ಬಂದವರು ಬರಿಗೈಯಲ್ಲಿ ಹೋಗುವುದಿಲ್ಲ. ಸಭೆಯಲ್ಲಿ ನಿಮಗಾಗಿ ಸ್ಥಳ ಖಾಲಿ ಇದೆ.'

"ಪೂರ್ತಿ ಗಡ್ಡ ಬೋಳಿಸ್ಕೊಂಡಾದ್ರೂ ಹೋಗ್ರೀ!" ಎಂದು ಹೆಂಡತಿ ಕೂಗುವಷ್ಟರಲ್ಲಿ ಕರಡಿಯಣ್ಣ ಮುಖ ಒರೆಸಿಕೊಂಡು ಬೀದಿಯ ತುದಿ ಮುಟ್ಟಿದ್ದ.

ಚರ್ಚಿನ ಗೇಟಿನ ಮುಂದೆ ಎಂಟು ಗಂಟೆಗೇ ಎಪ್ಪತ್ತು ಎಂಬತ್ತು ಜನ ಸಾಲು ನಿಂತಿದ್ದರು. ಇಸ್ತ್ರಿ ಮಾಡಿದ ಅಂಗಿ, ಒದ್ದೆ ಬಾಚಿದ ತಲೆ, ಎಲ್ಲರ ಕಂಕುಳಲ್ಲೂ ಒಂದೊಂದು ಫೈಲು. ಈ ಗೇಟು ಹತ್ತೂಕಾಲಾದರೂ ಇಷ್ಟು ಜನರನ್ನು ಕಂಡದ್ದಿರಲಿಲ್ಲ.

ನಿಜ ಹೇಳಿಬಿಡುವುದೇ ಒಳ್ಳೆಯದು ಎಂದು ಕರಡಿಯಣ್ಣನಿಗೆ ಅನಿಸಿತು. ಆದರೆ ನಿಜ ಹೇಳಿದರೆ ಯಜಮಾನರ ಕಿವಿಗೆ ಬೀಳುತ್ತದೆ. ತಿದ್ದುವುದೊಂದೇ ಅವನಿಗೆ ಗೊತ್ತಿದ್ದ ವಿದ್ಯೆ. ಜೇಬಿನಿಂದ ಕೆಂಪು ಪೆನ್ನು ತೆಗೆದು, ಸಾಲಿನ ಮೊದಲಲ್ಲಿದ್ದವನ ಕಾಗದ ಇಸಿದುಕೊಂಡು, 'ಪ' ಹೊಡೆದುಹಾಕಿ, ಜೀ ಕೆಳಗೊಂದು ಒತ್ತು ಹಾಕಿ ವಾಪಸು ಕೊಟ್ಟ.

"ಇದು ಉಜ್ಜೀವನ ಕೂಟಪ್ಪ, ಉಪಜೀವನ ಅಲ್ಲ. ಅರ್ಥ ಆಯ್ತಲ್ಲ?"

ಆ ಮನುಷ್ಯ ಕೆಂಪು ಗುರುತನ್ನು ನೋಡಿ ಕಣ್ಣಿಗೊತ್ತಿಕೊಳ್ಳುವುದೊಂದು ಬಾಕಿ. "ತುಂಬಾ ಉಪಕಾರ ಸಾರ್," ಎಂದು ಎದೆಯ ಜೇಬಲ್ಲಿಟ್ಟುಕೊಂಡ.

"ಏನದು? ಗುರುತು ಹಾಕಿಸ್ಕೋಬೇಕಾ?" ಎಂದ ಹಿಂದಿನವನು.

"ಕೆಂಪು ಗುರುತು ಇಲ್ದಿದ್ರೆ ಒಳಗೆ ಬಿಡಲ್ವಂತೆ," ಎಂದ ಅವನ ಹಿಂದಿನವನು.

ಎರಡು ನಿಮಿಷದಲ್ಲಿ ಸಾಲು ಗೇಟನ್ನು ಬಿಟ್ಟು ಕರಡಿಯಣ್ಣನ ಕಡೆ ತಿರುಗಿತು. "ನನಗೂ ಹಾಕಿ ಸಾರ್." "ಅಣ್ಣಾ, ನನ್ನದು ಸ್ವಲ್ಪ ಎದ್ದು ಕಾಣೋ ಹಾಗೆ ಹಾಕಿ." ಅವನು ತಿದ್ದಿದ, ತಿದ್ದಿದ, ಬೆರಳು ಮರಗಟ್ಟುವವರೆಗೂ ತಿದ್ದಿದ. ಒಬ್ಬನಾದರೂ ತಿದ್ದಿದ್ದೇನೆಂದು ಓದಲಿಲ್ಲ. ಸಾಲು ಮಾತ್ರ ಬೆಳೆಯುತ್ತಲೇ ಹೋಯಿತು.

ಅರವತ್ತೋ ಎಪ್ಪತ್ತೋ ಆದ ಮೇಲೆ ಒಂದು ಕಾಗದ ಬಂತು. ಅದರಲ್ಲಿ ಆಗಲೇ ಕೆಂಪು ಗುರುತಿತ್ತು. ಒಂದಲ್ಲ, ಏಳು. ತಲೆಯೆತ್ತಿದರೆ ಬಿಳಿ ಕೂದಲಿನ, ದಪ್ಪ ಕನ್ನಡಕದ ಹೆಂಗಸು.

"ಮೊದಲನೇ ತಪ್ಪು ನೀವೂ ಕಂಡುಹಿಡಿದಿದ್ದೀರಿ, ಸಂತೋಷ," ಎಂದರು ಆಕೆ. "ಇನ್ನೂ ಆರಿದೆ. ಎರಡು ಕಡೆ ಮಹಾಪ್ರಾಣದ ಬದಲು ಅಲ್ಪಪ್ರಾಣ, ಒಂದು ಕಡೆ ಪೂರ್ಣವಿರಾಮವೇ ಇಲ್ಲ. ನಾನು ಮೂವತ್ತೆರಡು ವರ್ಷ ಶಾಲೇಲಿ ಪಾಠ ಹೇಳಿ ನಿವೃತ್ತಿ ಆದೋಳು. ಇದನ್ನ ಹಾಗೇ ಬಿಡಕ್ಕೆ ಮನಸ್ಸು ಬರ್ಲಿಲ್ಲ. ಕರಡು ನೋಡಿದ ಮಹಾನುಭಾವರು ಯಾರು?"

"ಯಾರೋ ಗೊತ್ತಿಲ್ಲ ಟೀಚರಮ್ಮ."

ಟೀಚರಮ್ಮ ಅವನ ಮುಖ ನೋಡಿದರು, ಕೈಯಲ್ಲಿದ್ದ ಕೆಂಪು ಪೆನ್ನು ನೋಡಿದರು, ಅರ್ಧ ಬೋಳಿಸಿದ ಗಡ್ಡ ನೋಡಿದರು. "ಆಗಲಿ, ಒಳಗೆ ವಿಚಾರಿಸ್ತೀನಿ," ಎಂದು ಹೊರಟರು.

ಕರಡಿಯಣ್ಣ ಅಯ್ಯನವರ ಕೋಣೆಗೆ ಓಡಿದ. ಅಯ್ಯನವರು ಕಿಟಕಿಯ ಬಳಿ ಮೊಣಕಾಲೂರಿದ್ದರು. ಕಣ್ಣು ಕಿಟಕಿಯಾಚೆಯ ಜನರ ಮೇಲೆ. ನೀರು ಕೆನ್ನೆ ದಾಟಿ ಗಡ್ಡಕ್ಕಿಳಿದಿತ್ತು.

"ಅಯ್ಯನವರೇ, ಒಂದು ತಪ್ಪಾಗಿದೆ..."

"ತಪ್ಪಾಗಿದ್ದು ನನ್ನಿಂದ ಅಣ್ಣಾ," ಎಂದು ಅವರು ಕೈ ಹಿಡಿದುಕೊಂಡರು. "ನಿನ್ನೆ ರಾತ್ರಿ ನಾನು ನಂಬಿಕೆ ಬಿಟ್ಟಿದ್ದೆ. ಇನ್ನು ಸಾಕು, ಈ ಊರು ಬಿಟ್ಟು ಹೋಗೋಣ ಅಂತ ಪತ್ರ ಕೂಡ ಬರೆದಿಟ್ಟಿದ್ದೆ. ಬೆಳಿಗ್ಗೆ ಎದ್ದು ನೋಡಿದ್ರೆ ಇಷ್ಟು ಜನ! ನೀವು ತಿದ್ದಿಕೊಟ್ಟ ಆ ಕಾಗದಾನ ಕರ್ತನು ಹೇಗೆ ಉಪಯೋಗಿಸಿದ ನೋಡಿ."

ಕರಡಿಯಣ್ಣ ಆ ಮುಖ ನೋಡಿದ. ಹನ್ನೊಂದು ವರ್ಷ ಕಾದ ಮನುಷ್ಯನಿಗೆ ಇನ್ನೊಂದು ಗಂಟೆಯಾದರೂ ಸಂತೋಷ ಇರಲಿ ಎಂದುಕೊಂಡು ಹೊರಗೆ ಬಂದ. ತನ್ನ ಕೆಲಸಕ್ಕೂ ಇನ್ನೊಂದು ಗಂಟೆ ಆಯುಸ್ಸು ಸಿಕ್ಕಿತು ಎಂಬುದನ್ನು ಅವನು ಮರೆತಿರಲಿಲ್ಲ.

ಹತ್ತು ಗಂಟೆಗೆ ಚರ್ಚು ಕಿಕ್ಕಿರಿದಿತ್ತು. ಮೂವತ್ತೊಂದು ಜನ ಹಳಬರಿಗೆ ತಮ್ಮ ತಮ್ಮ ಕಂಬಗಳೇ ಸಿಗದೆ, ಪಕ್ಕಪಕ್ಕ ಒತ್ತಿಕೊಂಡು ಕೂರಬೇಕಾಯಿತು. ಮುಂದಿನ ಸಾಲಿನಲ್ಲಿ ಯಜಮಾನರು ಕಲ್ಲು ಕೆತ್ತಿದ ಹಾಗೆ ಕೂತಿದ್ದರು. ಅವರ ಹಿಂದೆ ಕರಡಿಯಣ್ಣ ತಲೆ ತಗ್ಗಿಸಿ, ಪಕ್ಕದಲ್ಲಿ ಅವನ ಹೆಂಡತಿ.

ಅಯ್ಯನವರು ಮಾತು ಶುರುಮಾಡಿದರು. "ನೀವು ಬಹಳ ಅಲೆದಿದ್ದೀರಿ."

"ಹೌದು ಸಾರ್!" ಎಂದಿತು ಚರ್ಚು.

ಅಯ್ಯನವರು ಬೆಚ್ಚಿದರು. ತಮ್ಮ ಉಪದೇಶಕ್ಕೆ ಸಭೆ ಉತ್ತರ ಕೊಟ್ಟದ್ದು ಅದೇ ಮೊದಲು. "ಎಷ್ಟೋ ಬಾಗಿಲು ಬಡಿದಿದ್ದೀರಿ. ಯಾರೂ ತೆಗೀಲಿಲ್ಲ."

"ನಾಳೆ ಬಾ ಅಂತಾರೆ ಸಾರ್!"

"ಇಲ್ಲಿ ನಾಳೆ ಅನ್ನೋ ಮಾತಿಲ್ಲ. ಇವತ್ತೇ!"

ಚಪ್ಪಾಳೆ ಚಾವಣಿ ಹಾರಿಹೋಗುವಂತೆ ಬಿತ್ತು. ಅಯ್ಯನವರು ಒಂದು ಹೆಜ್ಜೆ ಮುಂದೆ ಬಂದರು. "ಬೇಕು ಅನ್ನೋರು ಎದ್ದು ಮುಂದೆ ಬನ್ನಿ."

ಮೊದಲೆಲ್ಲ ಈ ಮಾತು ಹೇಳಿ ಅವರು ಕಣ್ಣು ಮುಚ್ಚಿ ನಿಲ್ಲುವರು, ಯಾರೂ ಏಳರು, ಹಾಡಿ ಮುಗಿಸುವರು. ಈ ಸಲ ಕಣ್ಣು ಮುಚ್ಚುವುದಕ್ಕೂ ಪುರುಸೊತ್ತಾಗಲಿಲ್ಲ. ಬೆಂಚುಗಳು ಹಿಂದಕ್ಕೆ ಸರಿದವು, ಇಡೀ ಜನ ಫೈಲು ಮೇಲೆತ್ತಿಕೊಂಡು ಮುಂದೆ ನುಗ್ಗಿತು. ಎಲ್ಲರಿಗಿಂತ ಮೊದಲು ತಲುಪಿದ ಮಧ್ಯವಯಸ್ಸಿನವನೊಬ್ಬ ಅಯ್ಯನವರ ಮುಂದೆ ಕೈಮುಗಿದು ನಿಂತ.

"ಏನು ಬೇಕಪ್ಪಾ ನಿನಗೆ?" ಎಂದರು ಅಯ್ಯನವರು, ಅವನ ಹೆಗಲ ಮೇಲೆ ಕೈಯಿಟ್ಟು.

"ಲಾರಿ, ಸಾರ್."

"ಲಾರಿ?"

"ಇಲ್ಲಾಂದ್ರೆ ವ್ಯಾನಾದ್ರೂ ನಡೆಯುತ್ತೆ. ಲೈಸೆನ್ಸಿದೆ. ಫ್ಯಾಕ್ಟರಿ ಮುಚ್ಚಿ ಎಂಟು ತಿಂಗಳಾಯ್ತು."

ಅಯ್ಯನವರಿಗೆ ತಲೆಬುಡ ತಿಳಿಯಲಿಲ್ಲ. ಆಗ ಟೀಚರಮ್ಮ ಜನರನ್ನು ಸರಿಸಿಕೊಂಡು ಬಂದು ಕಾಗದ ಎತ್ತಿ ಹಿಡಿದರು. "ಅಯ್ಯನವರೇ, ನಿಮ್ಮ ಕಾಗದದಲ್ಲಿ ಉಜ್ಜೀವನ ಹೋಗಿ ಉಪಜೀವನ ಆಗಿದೆ. ಇವರೆಲ್ಲ ಕೆಲಸ ಸಿಗುತ್ತೆ ಅಂತ ಬಂದಿದ್ದಾರೆ."

ಎತ್ತಿದ ಫೈಲುಗಳು ಒಂದೊಂದಾಗಿ ಕೆಳಗಿಳಿದವು. ಮುಂದಿನ ಸಾಲಿನ ಕಲ್ಲು ನಿಧಾನವಾಗಿ ಹಿಂದೆ ತಿರುಗಿತು. ಕರಡಿಯಣ್ಣನಿಗೆ ಇನ್ನು ಕೂತಿರಲಾಗಲಿಲ್ಲ.

"ನಾನೇ," ಎಂದು ಎದ್ದು ನಿಂತ. "ಆ 'ಪ' ಹಾಕಿದೋನು ನಾನೇ. ಬೆಳಿಗ್ಗೇನೇ ಗೊತ್ತಾಗಿತ್ತು. ಕೆಲಸ ಹೋಗುತ್ತೆ ಅನ್ನೋ ಹೆದರಿಕೆಗೆ ಯಾರಿಗೂ ಹೇಳ್ಲಿಲ್ಲ. ಟೀಚರಮ್ಮನ ಹತ್ರ ಸುಳ್ಳು ಹೇಳ್ದೆ. ಕ್ಷಮಿಸಿ."

ಅಯ್ಯನವರು ವೇದಿಕೆಯ ಮೆಟ್ಟಿಲ ಮೇಲೆ ಕುಸಿದು ಕೂತರು. ಒಂದು ಕ್ಷಣ ಅವರಿಗೆ ಎಪ್ಪತ್ತು ವರ್ಷವಾದಂತೆ ಕಂಡಿತು. ಲಾರಿಯವನು ಪಾಪ, ತನ್ನದೇ ತಪ್ಪೇನೋ ಎಂಬಂತೆ ಫೈಲು ಮಡಚಿಕೊಂಡು, "ಹೋಗ್ಲಿ ಬಿಡಿ ಸಾರ್, ನಮಗೆ ಅಭ್ಯಾಸ ಆಗಿದೆ," ಎಂದು ಹೊರಡಲು ತಿರುಗಿದ.

ಆ ಮಾತು ಅಯ್ಯನವರನ್ನು ಎಬ್ಬಿಸಿತು.

"ನಿಲ್ಲಪ್ಪಾ. ಬರಿಗೈಯಲ್ಲಿ ಕಳಿಸಲ್ಲ ಅಂತ ಅಚ್ಚು ಹಾಕ್ಸಿದೀವಿ. ಅದರಲ್ಲಿ ಮಾತ್ರ ಅಕ್ಷರ ತಪ್ಪಿಲ್ಲ." ಹಳಬರ ಕಡೆ ತಿರುಗಿದರು. "ಹನ್ನೊಂದು ವರ್ಷ ನಾನು ಮೇಲೆ ನೋಡ್ಕೊಂಡು ಕೇಳ್ದೆ. ಇವತ್ತು ನಿಮ್ಮನ್ನ ನೋಡ್ಕೊಂಡು ಕೇಳ್ತಾ ಇದೀನಿ. ಯಾರ ಕೈಯಲ್ಲಿ ಏನಾಗುತ್ತೆ?"

ಹೊಲಿಗೆ ಅಂಗಡಿಯ ಅಕ್ಕ ಎದ್ದು, ಅಳುಕುತ್ತಲೇ ಹೇಳಿದಳು: "ನನ್ನ ಹತ್ರ ಎರಡು ಮಷಿನ್ನು ಸುಮ್ನೆ ಧೂಳು ತಿಂತಾ ಕೂತಿವೆ. ಕಾಜಾ ಹಾಕೋಕೆ ಬರೋರು ಯಾರಾದ್ರೂ..." ಮೂರು ಕೈ ಮೇಲೆದ್ದವು. ಔಷಧಿ ಅಂಗಡಿಯವರು ತಮಗೂ ಒಬ್ಬರು ಬೇಕೆಂದರು. ಸಾಗಾಣಿಕೆ ನಡೆಸುವ ಅಣ್ಣ ತಮ್ಮಂದಿರಿಬ್ಬರು ಆರು ವರ್ಷದಿಂದ ಮಾತು ಬಿಟ್ಟವರು. ಜಾಗ ಸಾಲದೆ ಇವತ್ತು ಒಂದೇ ಬೆಂಚಿನಲ್ಲಿ ಕೂತಿದ್ದರು. ಲಾರಿಯವನಿಗಾಗಿ ಇಬ್ಬರೂ ಒಟ್ಟಿಗೇ ಕೈಯೆತ್ತಿದರು.

"ನೀನೇ ಇಟ್ಕೋ," ಎಂದ ಅಣ್ಣ, ಗೋಡೆ ನೋಡುತ್ತ.

"ಬೇಡ, ನೀನೇ ಇಟ್ಕೋ," ಎಂದ ತಮ್ಮ.

ಅಷ್ಟಕ್ಕೇ ಅವರ ಮುದಿ ತಾಯಿ ಜೋರಾಗಿ ಅಳತೊಡಗಿದಳು. ಅವಳನ್ನು ನೋಡಿ ಪಕ್ಕದವರು ಅತ್ತರು. ಯಾರೋ ಹಾಡು ಶುರುಮಾಡಿದರು, ಹಾಡು ಬಾರದ ಹೊಸಬರು ಚಪ್ಪಾಳೆಯಲ್ಲೇ ಸೇರಿಕೊಂಡರು. ಮೂವತ್ತೊಂದು ಜನರ ಆಮೆನ್ನಿನಲ್ಲಿ ಅವತ್ತು ಆಕಳಿಕೆ ಇರಲಿಲ್ಲ.

ಆ ಗಲಾಟೆಯ ನಡುವೆ ಯಜಮಾನರು ಎದ್ದು ನಿಂತರು. ಅವರ ಕಣ್ಣಲ್ಲೂ ನೀರು.

"ಇಷ್ಟು ವರ್ಷ ಮುಂದಿನ ಸಾಲಲ್ಲಿ ಕೂತು ಬೆನ್ನು ನೋವು ಬರಿಸ್ಕೊಂಡೆ, ಅಷ್ಟೇ. ಇವತ್ತು ಕಲ್ಲು ಕರಗಿತು. ನಮ್ಮ ಪ್ರೆಸ್ಸಲ್ಲೂ ಒಂದು ಜಾಗ ಇದೆ. ಈ ಟೀಚರಮ್ಮನಿಗೆ ಕೊಡ್ತೀನಿ."

ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ಕರಡಿಯಣ್ಣ. ಪ್ರೆಸ್ಸಿನಲ್ಲಿದ್ದದ್ದು ಐದೇ ಕುರ್ಚಿ, ಐದೂ ಭರ್ತಿ. ಯಜಮಾನರು ಹೊಸ ಕುರ್ಚಿಯನ್ನೇ ತರಿಸುತ್ತಾರೆಂದರೆ ಇದು ಉಜ್ಜೀವನವಲ್ಲದೆ ಇನ್ನೇನು!

"ಕರಡು ನೋಡೋ ಕೆಲಸ," ಎಂದರು ಯಜಮಾನರು.

ಕರಡಿಯಣ್ಣನ ಕೈ ತಾನಾಗಿಯೇ ಇನ್ನೆರಡು ಚಪ್ಪಾಳೆ ಹೊಡೆದು ನಿಂತಿತು.

"ನಾನೇನು ಕೆಲಸ ಕೇಳಕ್ಕೆ ಬಂದೋಳಲ್ಲ, ತಪ್ಪು ತೋರಿಸಕ್ಕೆ ಬಂದೆ," ಎಂದರು ಟೀಚರಮ್ಮ. ಕೈಲಿದ್ದ ಕಾಗದವನ್ನು ಇನ್ನೊಮ್ಮೆ ನೋಡಿಕೊಂಡರು. "ಆದ್ರೆ ನಿಮ್ಮಲ್ಲಿ ತಪ್ಪಿಗೇನೂ ಬರ ಇದ್ದ ಹಾಗಿಲ್ಲ. ನಾಳೆ ಎಷ್ಟು ಗಂಟೆಗೆ ಬರ್ಲಿ?"

ಯಜಮಾನರು ಹಿಂದೆ ಬಂದು ಕರಡಿಯಣ್ಣನನ್ನು ಬಾಚಿ ತಬ್ಬಿಕೊಂಡರು. ಇಪ್ಪತ್ತೆರಡು ವರ್ಷದಲ್ಲಿ ಅವರು ಅವನ ಹೆಗಲು ಮುಟ್ಟಿದ್ದೂ ಇರಲಿಲ್ಲ.

"ನಿನ್ನನ್ನ ಪೂರ್ತಿ ಕ್ಷಮಿಸಿದೀನಿ ಕಣೋ," ಎಂದು ಅವನ ಕಿವಿಯಲ್ಲಿ ಬಿಕ್ಕಿದರು. "ಮನಸ್ಸಲ್ಲಿ ಏನೂ ಇಟ್ಕೊಂಡಿಲ್ಲ. ನಾಳೆಯಿಂದ ಕೆಲಸದಲ್ಲಿ ನಿನ್ನನ್ನೂ ಇಟ್ಕೊಂಡಿಲ್ಲ."

ಕರಡಿಯಣ್ಣ ಬೆಂಚಿನ ಮೇಲೆ ಕೂತ. ವೇದಿಕೆಯ ಮೇಲೆ ಅಯ್ಯನವರು ಕೈ ಚಾಚಿ, "ಇನ್ನೂ ಯಾರಾದ್ರೂ ಇದ್ದಾರಾ? ನಾಚಿಕೊಳ್ಳಬೇಡಿ, ಬನ್ನಿ," ಎಂದು ಕರೆಯುತ್ತಿದ್ದರು.

ಹೆಂಡತಿ ಅವನ ಪಕ್ಕೆಗೆ ತಿವಿದಳು. "ಕೇಳಿಸ್ಲಿಲ್ವಾ? ಎಲ್ಲಾ ಖಾಲಿ ಆಗೋಕೆ ಮುಂಚೆ ಎದ್ದು ಹೋಗ್ರೀ!"

ಕರಡಿಯಣ್ಣ ಎದ್ದ. ಬೆಂಚುಗಳ ನಡುವಿನ ದಾರಿಯಲ್ಲಿ, ಅರ್ಧ ಗಡ್ಡದಲ್ಲಿ, ಕಾಲೆಳೆಯುತ್ತ ನಡೆದುಬಂದ. ಅಯ್ಯನವರು ಅವನನ್ನು ಕಂಡು ಮಾತು ನಿಲ್ಲಿಸಿಬಿಟ್ಟರು. ಹೊಸಬರೆಲ್ಲ ಫೈಲು ಹಿಡಿದು ಬಂದವರು. ಇವನು ಬರಿಗೈಯಲ್ಲಿ, ಕಣ್ಣಲ್ಲಿ ನೀರು ತುಂಬಿಕೊಂಡು, ತಾನಾಗಿ ಎದ್ದು ಬರುತ್ತಿದ್ದ.

"ನಮ್ಮ ಸಭೆಯವನು!" ಎಂದು ಅವರು ಮೈಕಿನಲ್ಲೇ ಕೂಗಿದರು. "ಹನ್ನೊಂದು ವರ್ಷದಲ್ಲಿ ನಮ್ಮವನೇ ಒಬ್ಬ ಎದ್ದು ಬಂದ! ಇವನಿಗೆ ಕೆಲಸ ಬೇಕಿಲ್ಲ, ಏನೂ ಬೇಕಿಲ್ಲ. ಇವನಿಗೆ ಬೇಕಾಗಿರೋದೇ ಬೇರೆ. ಸ್ತೋತ್ರ!"

"ಸ್ತೋತ್ರ!" ಎಂದು ಇಡೀ ಚರ್ಚು ಎದ್ದು ನಿಂತಿತು. ಹಾಡು ಚಾವಣಿಯನ್ನು ಮುಟ್ಟಿತು. ಅಯ್ಯನವರು ಎರಡೂ ಕೈಯನ್ನು ಕರಡಿಯಣ್ಣನ ತಲೆಯ ಮೇಲಿಟ್ಟು ಕಣ್ಣು ಮುಚ್ಚಿದರು.

ಕರಡಿಯಣ್ಣ ಅವರ ಕಿವಿಯ ಬಳಿ ಬಾಗಿ ಮೆಲ್ಲಗೆ ಕೇಳಿದ:

"ಅಯ್ಯನವರೇ, ಆ ಔಷಧಿ ಅಂಗಡೀದು ಯಾರಿಗಾದ್ರೂ ಆಗಿಹೋಯ್ತಾ?"