ಪಿಸ್ತೂಲಿಗೆ ಲಗಾಮು

ಹುಣಸೂರು ಪೇಟೆಯ ಜೇನು ವ್ಯಾಪಾರಿ ಗಯಾಸುದ್ದೀನ್ ಸಾಹೇಬರ ಮನೆಯಲ್ಲಿ ಆ ಗುರುವಾರ ಬೆಳಗ್ಗೆ ಪಿಸ್ತೂಲು ತನ್ನಷ್ಟಕ್ಕೆ ತಾನೇ ಹಾರಿ, ನಿಂಬೆ ಉಪ್ಪಿನಕಾಯಿಯ ಜಾಡಿಯೊಂದನ್ನು ಬಲಿ ತೆಗೆದುಕೊಂಡಿತು.

ತನ್ನಷ್ಟಕ್ಕೆ ತಾನೇ ಎಂದವರು ಸಾಹೇಬರು. ಅವರ ಹೆಂಡತಿ ಅಕ್ತರುನ್ನೀಸಾ ಹೇಳುವುದು ಬೇರೆ. ಪೆಟ್ಟಿಗೆಯ ತಳದಿಂದ ಶೇರ್ವಾನಿಯನ್ನು ಬಾವಿಯ ಹಗ್ಗ ಸೇದಿದಂತೆ ಸೇದಿದವರು ಸಾಹೇಬರು. ಅದರ ಜೊತೆ ಪಿಸ್ತೂಲನ್ನೂ ನೆಲಕ್ಕೆ ಬೀಳಿಸಿದವರು ಸಾಹೇಬರು. ಢಂ ಎಂದಾಗ ಎಲ್ಲರಿಗಿಂತ ಮೊದಲು ಮಂಚದ ಕೆಳಗೆ ತೂರಿದವರೂ ಸಾಹೇಬರೇ. ಎಣ್ಣೆ, ಖಾರ, ನಿಂಬೆಹೋಳು ಗೋಡೆಯ ಮೇಲೆಲ್ಲ ಹರಡಿತ್ತು. ಸಾಹೇಬರು ಮಂಚದ ಕೆಳಗಿನಿಂದ ಆ ಕೆಂಪು ನೋಡಿ, ಯಾರದೋ ಜೀವ ಹೋಯಿತೆಂದು ಬಗೆದು, ಆ ಯಾರೋ ತಾವೇ ಇರಬಹುದೆಂದು ಮೈಯೆಲ್ಲ ಮುಟ್ಟಿ ನೋಡಿಕೊಂಡರು.

ಆ ಪಿಸ್ತೂಲು ಅವರು ಆಸೆಪಟ್ಟು ತಂದದ್ದಲ್ಲ. ಕೊಡಗಿನ ಕಡೆಯ ಕಾಫಿ ತೋಟದ ದೊರೆಯೊಬ್ಬನಿಗೆ ಸಾಹೇಬರು ಹೆಗ್ಗಡದೇವನಕೋಟೆ ಕಾಡಿನ ಜೇನನ್ನು ವರ್ಷಗಟ್ಟಲೆ ಒದಗಿಸಿದ್ದರು. ದೊರೆ ತನ್ನ ದೇಶಕ್ಕೆ ಹೊರಟಾಗ ನಾಯಿಯನ್ನು ಬಟ್ಲರನಿಗೂ ಪಿಸ್ತೂಲನ್ನು ಸಾಹೇಬರಿಗೂ ಪ್ರೀತಿಯಿಂದ ಕೊಟ್ಟ. ನಾಯಿಯನ್ನು ಕೇಳೋಣವೆಂದು ಹೋಗಿದ್ದ ಸಾಹೇಬರು ನಾಚಿಕೆಯಿಂದ ಸುಮ್ಮನಾದರು. ತಾನೇ ಮುಂದೆ ನಿಂತು ಲೈಸೆನ್ಸನ್ನೂ ಮಾಡಿಸಿಕೊಟ್ಟ ದೊರೆ, ಪಿಸ್ತೂಲನ್ನು ಹೇಗೆ ಬಳಸಬೇಕು, ಹೇಗೆ ಕಾಪಾಡಬೇಕು ಎಂದು ಇಂಗ್ಲಿಷಿನಲ್ಲಿ ಬಹಳ ಹೊತ್ತು ವಿವರಿಸಿದ್ದ. ಸಾಹೇಬರು ಮಾತುಮಾತಿಗೂ ತಲೆಯಾಡಿಸಿದ್ದರು. ಅವರಿಗೆ ಅರ್ಥವಾದದ್ದು ಕೊನೆಯ ಗುಡ್‌ಬೈ ಒಂದೇ. ಹಾಗಾಗಿ ಅದರೊಳಗೆ ಗುಂಡು ಎಷ್ಟಿವೆ, ಅದನ್ನು ತೆಗೆಯುವುದು ಎಲ್ಲಿಂದ ಎಂಬುದು ಆ ಮನೆಯಲ್ಲಿ ಯಾರಿಗೂ ತಿಳಿಯದು. ಕೊಳವೆಯಲ್ಲಿ ಇಣುಕಿದರೆ ಕಾಣುತ್ತದೇನೋ. ಇಣುಕುವವರು ಯಾರು?

ಅಕ್ತರುನ್ನೀಸಾ ಗೋಡೆ ಒರೆಸಿ ಮುಗಿಸಿದಳು. ಆಮೇಲೆ ಕೈ ತೊಳೆದುಕೊಂಡು ಬಂದು ನಿಧಾನವಾಗಿ ಹೇಳಿದಳು.

"ಇದನ್ನ ಇವತ್ತೇ ಸಾಧು ಮಾಡಿಸ್ಕೊಂಡು ಬನ್ನಿ. ಇಲ್ಲಾಂದ್ರೆ ಸಾಯಂಕಾಲದ ಗಾಡೀಲಿ ನಾನು ಪಿರಿಯಾಪಟ್ಟಣಕ್ಕೆ, ಅಣ್ಣನ ಮನೆಗೆ ಹೋಗ್ತೀನಿ."

ಅವಳು ಹಾಗೆ ಹೋದದ್ದು ಹಿಂದೆ ಒಮ್ಮೆ ಮಾತ್ರ. ಆ ಸಲ ಸಾಹೇಬರು ಅನ್ನ ಮಾಡಲು ಹೋಗಿ ಕೈ ಸುಟ್ಟುಕೊಂಡು, ಅನ್ನವೂ ಸೀದು, ಕೊನೆಗೆ ಅಂಗಡಿಯ ಜೇನನ್ನೇ ನೆಕ್ಕಿಕೊಂಡು ದಿನ ದೂಡಿದ್ದರು. ಹೊಟ್ಟೆಯ ಮಾತಿರಲಿ, ಅವಳ ಬೈಗುಳವಿಲ್ಲದ ಮನೆ ಅವರಿಗೆ ಮದುವೆ ಮುಗಿದ ಚಪ್ಪರದಂತೆ ಕಂಡಿತ್ತು. ಆ ಪಾಡು ಮತ್ತೆ ಬೇಡ. ಪಿಸ್ತೂಲನ್ನು ಲಕ್ಷ್ಮಣತೀರ್ಥ ಹೊಳೆಯಲ್ಲಿ ಎಸೆದುಬಿಡೋಣವೆಂದರೆ, ಲೈಸೆನ್ಸು ಅವರ ಹೆಸರಿನಲ್ಲಿದೆ, ಎಲ್ಲಿ ಎಂದು ಸರ್ಕಾರ ಕೇಳುತ್ತದೆ. ಆದ್ದರಿಂದ ಸಾಹೇಬರು ಅದನ್ನು ಬಿದಿರು ಪುಟ್ಟಿಯಲ್ಲಿ ಟವೆಲಿನ ಮೇಲೆ ಮಲಗಿಸಿ, ಉಕ್ಕುವ ಹಾಲಿನ ಪಾತ್ರೆ ಹಿಡಿದಂತೆ ಎರಡು ಕೈಯನ್ನೂ ಮುಂದೆ ಚಾಚಿಕೊಂಡು ಬೀದಿಗಿಳಿದರು.

ಮೊದಲು ಹೋದದ್ದು ಸಲೀಮನ ಅಂಗಡಿಗೆ. ಸಲೀಂ ಜಟಕಾ ಕುದುರೆಗಳಿಗೆ ಜೀನು, ಲಗಾಮು ಹೊಲಿಯುವವನು. ಪುಟ್ಟಿಯೊಳಗೆ ನೋಡಿ, ಎರಡು ಹೆಜ್ಜೆ ಹಿಂದೆ ಸರಿದು, ಅಲ್ಲಿಂದಲೇ ರೋಗ ಪತ್ತೆ ಮಾಡಿದ. ಬೆರಳಿನಿಂದ ಎಳೆಯುವ ಆ ಕೊಕ್ಕೆಗೆ ಜನ ಕುದುರೆ ಎನ್ನುತ್ತಾರಲ್ಲ, ತಪ್ಪೆಲ್ಲ ಅದರದೇ ಎಂದ.

"ಹೆಸರೇ ಕುದುರೆ ಅಂದ್ಮೇಲೆ ಲಗಾಮು ಇಲ್ದೆ ಬಿಟ್ರೆ ಓಡದೆ ಇರ್ತದಾ ಗಯಾಸ್ ಭಾಯ್?"

ಸಾಹೇಬರಿಗೆ ಇದರಲ್ಲಿ ಏನೋ ತಪ್ಪಿದೆ ಅನ್ನಿಸಿತು. ಏನು ತಪ್ಪು ಎಂದು ಹುಡುಕುವಷ್ಟರಲ್ಲಿ ಸಲೀಂ ಪಿಸ್ತೂಲಿನ ಸೊಂಟಕ್ಕೆ ಚರ್ಮದ ಪಟ್ಟಿಯೊಂದನ್ನು ಬಿಗಿದು, ಕುದುರೆ ಮಿಸುಕದಂತೆ ಹಿತ್ತಾಳೆಯ ಬಕ್ಕಲು ಹಾಕಿಬಿಟ್ಟಿದ್ದ. ಅಷ್ಟಕ್ಕೇ ಬಿಟ್ಟಿದ್ದರೆ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಎದುರು ಅಂಗಡಿಯ ಬಡಗಿ ಮಂಟಯ್ಯ ಉಳಿ ಕೆಳಗಿಟ್ಟು ಎದ್ದು ಬಂದ.

"ಅದು ಆರಿದ್ದು ಯಾಕೆ? ಬಿದ್ದಿದ್ಕೆ. ಬಿದ್ದಿದ್ದು ಯಾಕೆ? ಜಾರಿದ್ಕೆ. ನೇಗ್ಲಿಗೂ ಇಡ್ಕೆ ಸಣ್ಣಗಾದ್ರೆ ಜಾರ್ತದೆ. ಇಡ್ಕೆ ಸರಿ ಮಾಡ್ದೆ ಲಗಾಮು ಆಕುದ್ರೆ ಏನ್ ಬಂತು ಸಾಹೇಬ್ರೆ? ಅದು ಬುಡಿ, ನಾನು ಮಾಡ್ಕೊಡ್ತೀನಿ."

ಇದೂ ನ್ಯಾಯವಾಗಿಯೇ ಕೇಳಿಸಿತು. ಸಾಹೇಬರ ಸ್ವಭಾವವೇ ಹಾಗೆ, ಕಡೆಗೆ ಮಾತಾಡಿದವರ ಮಾತು ಅವರಿಗೆ ಸರಿ ಎನ್ನಿಸುತ್ತಿತ್ತು. ಮಂಟಯ್ಯ ಹೊನ್ನೆಮರದ ತುಂಡೊಂದನ್ನು ಕೊರೆದು ಹಿಡಿಕೆಯ ಸುತ್ತ ಕೂರಿಸಿದ. ಅದು ಕದಲದಂತೆ ಒಂದು ಬೆಣೆ ಬೇಕಾಯಿತು. ಬೆಣೆ ಬಡಿಯಲು ಸುತ್ತಿಗೆ ಎತ್ತಿದಾಗ ಇಡೀ ಬೀದಿಯೇ ಖಾಲಿಯಾಯಿತು. ಸಲೀಂ ತನ್ನ ಜೀನುಗಳ ಹಿಂದೆ ಅಡಗಿದ. ಸಾಹೇಬರು ಎಣ್ಣೆ ಗಾಣದ ಮರೆಗೆ ಓಡಿ, ಅಲ್ಲಿ ಮೊದಲೇ ಸೇರಿಕೊಂಡಿದ್ದ ಇಬ್ಬರು ಅಪರಿಚಿತರ ಮಧ್ಯೆ ಕಣ್ಣು ಮುಚ್ಚಿ ಕುಳಿತರು. ಏಟು ಬಿದ್ದ ಸದ್ದು ಕೇಳಿತು, ಗುಂಡಿನ ಸದ್ದು ಕೇಳಲಿಲ್ಲ. ಹೊರಬಂದು ನೋಡಿದರೆ ಪಿಸ್ತೂಲಿಗೆ ರಾಗಿ ಕುಟ್ಟುವ ಒನಕೆಯಷ್ಟು ದಪ್ಪದ ಹಿಡಿಕೆ ಬಂದಿತ್ತು. ಅದನ್ನು ಒಂದೇ ಕೈಯಲ್ಲಿ ಹಿಡಿಯಬೇಕಾದರೆ ಪೈಲ್ವಾನನೇ ಆಗಬೇಕು.

ಈಗ ಸಲೀಮನ ಬಕ್ಕಲು ಸಾಲದಾಯಿತು. ಅವನು ಸಿಟ್ಟಿನಿಂದ ಪಟ್ಟಿ ಬಿಚ್ಚಿ, ಉದ್ದದ ಪಟ್ಟಿ ಹಾಕಿ, ಮಂಟಯ್ಯನ ಹಿಡಿಕೆಯನ್ನೂ ಸೇರಿಸಿ ಮೂರು ಸುತ್ತು ಸುತ್ತಿದ. ಮಂಟಯ್ಯ ತನ್ನ ಮರ ಕಾಣದಂತಾಯಿತೆಂದು ಜಗಳಕ್ಕೆ ನಿಂತ. ನ್ಯಾಯ ಹೇಳಲು ಬಂದವನು ಪಾತ್ರೆಗಳಿಗೆ ಕಲಾಯಿ ಹಾಕುವ ಮುದುಕ ಜಾನ್ ಪಾಷಾ. ಆತ ಇಬ್ಬರನ್ನೂ ಸುಮ್ಮನಿರಿಸಿ ಗಡ್ಡ ಸವರಿಕೊಂಡ.

"ಹಿಂದೆ ಮುಂದೆ ಎಲ್ಲಾ ನೋಡಿದ್ರಿ. ಬಾಯಿ ಯಾರಾದ್ರೂ ನೋಡಿದ್ರಾ? ಬಾಯಿ ತೆರೆದಿರೋದನ್ನ ಮುಚ್ಚಳ ಇಲ್ದೆ ಮನೇಲಿ ಇಡಬಾರ್ದು ಬೇಟಾ, ಹಾಲಾದ್ರೂ ಅಷ್ಟೇ, ಇದಾದ್ರೂ ಅಷ್ಟೇ."

ಹೀಗೆ ಪಿಸ್ತೂಲಿಗೆ ತಾಮ್ರದ ಮುಚ್ಚಳ ಬಂತು, ಮುಚ್ಚಳ ಕಳೆದುಹೋಗದಂತೆ ಸರಪಣಿ ಬಂತು. ಅಷ್ಟು ಹೊತ್ತಿಗೆ ನೆರೆದಿದ್ದವರಲ್ಲಿ ಯಾರೋ, ಇಷ್ಟೆಲ್ಲ ಆದ ಮೇಲೂ ಅದು ಮನೆಯಲ್ಲಿ ಬಿದ್ದರೆ ಗೊತ್ತಾಗುವುದು ಹೇಗೆ ಎಂದು ಕೇಳಿದರು. ಜಾನ್ ಪಾಷಾ ಸರಪಣಿಗೆ ಕುರಿಯ ಗಂಟೆಯೊಂದನ್ನು ಪೋಣಿಸಿದ. ಗಂಟೆಯ ಸದ್ದಿಗೆ ಕುದುರೆ ಬೆದರುತ್ತದೆ ಎಂದು ಸಲೀಂ ಆಕ್ಷೇಪಿಸಿದ. ಅಲ್ಲಿ ಯಾವ ಕುದುರೆ ಎಂಬುದು ಆ ವೇಳೆಗೆ ಯಾರಿಗೂ ಸ್ಪಷ್ಟವಿರಲಿಲ್ಲ.

ಸಾಹೇಬರಿಗೆ ತಲೆ ಗಿರ್ರೆನ್ನುತ್ತಿತ್ತು. ಪಿಸ್ತೂಲು ಈಗ ಪುಟ್ಟಿಯಲ್ಲಿ ಹಿಡಿಸದು. ಅದನ್ನು ಹಸುಗೂಸಿನಂತೆ ಹೆಗಲಿಗೆ ಒರಗಿಸಿಕೊಂಡು ಮನೆಯ ದಾರಿ ಹಿಡಿದರು. ಹೆಜ್ಜೆಹೆಜ್ಜೆಗೂ ಗಂಟೆ ಕಿಣಿಕಿಣಿ ಎಂದಿತು. ಬೀದಿಯಲ್ಲಿ ಆಗಲೇ ಸುದ್ದಿ ಅವರಿಗಿಂತ ಮುಂದೆ ಓಡಿತ್ತು. ಹೊಗೆಸೊಪ್ಪಿನ ಮಂಡಿಯವರೊಬ್ಬರು ಬಂದು, ಬೆಟ್ಟದಪುರದ ದಲ್ಲಾಳಿಯನ್ನು ಹೊಡೆಯುವುದೇ ಆದರೆ ಕಾಲಿಗೆ ಹೊಡೆಯಿರಿ, ಅವನಿಗೆ ಮಕ್ಕಳಿದ್ದಾರೆ ಎಂದು ಕೈಹಿಡಿದು ಬೇಡಿಕೊಂಡರು. ಯಾವ ದಲ್ಲಾಳಿಯೋ ಸಾಹೇಬರಿಗೆ ಗೊತ್ತಿಲ್ಲ. ಆದರೂ ಆ ಕಣ್ಣೀರು ನೋಡಲಾರದೆ, ಆಗಲಿ, ಕಾಲಿಗೇ, ಎಂದುಬಿಟ್ಟರು. ನಾಲ್ಕು ಅಂಗಡಿ ದಾಟುವಷ್ಟರಲ್ಲಿ ಇನ್ನೊಬ್ಬರು, ಕಾಕನಕೋಟೆಯಲ್ಲಿ ಆನೆ ಹಿಡಿಯುವ ಖೆಡ್ಡಾಕ್ಕೆ ನಿಮ್ಮನ್ನು ಕರೆಸಿದ್ದಾರಂತೆ, ಆನೆಗೆ ಕಟ್ಟುವ ಗಂಟೆ ಇದೇನಾ, ಎಂದು ಹೂವಿನ ಹಾರ ಹಾಕಿದರು.

ಹಾರದ ಸಮೇತ ನಿಂತಿದ್ದ ಅವರನ್ನು ಪೊಲೀಸ್ ದಫೇದಾರ ದೊಡ್ಡಮಾದಯ್ಯ ಬಂದು ಹಿಡಿದ. ಹಿಡಿದ ಎನ್ನುವುದಕ್ಕಿಂತ, ಒಂದು ಮಾರು ದೂರ ಉಳಿದು ಜೊತೆಯಲ್ಲಿ ನಡೆದ ಎನ್ನಬೇಕು.

"ಅಮಲ್ದಾರ್ರು ಕರೀತಾವ್ರೆ. ಅದರ ಮೂತಿ ಒಸಿ ಅತ್ಲಾಗೆ ತಿರುಗಿಸ್ಕೊಂಡು ಬನ್ನಿ ಸಾಹೇಬ್ರೆ, ನಿಮ್ ದಮ್ಮಯ್ಯ."

ಸಾಹೇಬರು ತಾಲ್ಲೂಕು ಕಚೇರಿಯ ಮೆಟ್ಟಿಲು ಹತ್ತಿದರು. ಸೆರೆಮನೆ ಖಂಡಿತ ಎನ್ನಿಸಿತು. ಅಕ್ತರುನ್ನೀಸಾ ಪಿರಿಯಾಪಟ್ಟಣದಲ್ಲಿ, ತಾವು ಮೈಸೂರಿನ ಜೈಲಿನಲ್ಲಿ, ಅಂಗಡಿಯ ಜೇನು ಇರುವೆಗಳ ಪಾಲು.

ಹೊಸದಾಗಿ ಬಂದಿದ್ದ ಅಮಲ್ದಾರರು ತೆಳ್ಳಗಿನ, ಚಿಂತೆಯ ಮನುಷ್ಯ. ಅವರಿಗೆ ಅವರದೇ ಕಷ್ಟವಿತ್ತು. ಅವರು ಬಂದ ಮೇಲೆ ತಾಲ್ಲೂಕಿನ ಬಂದೂಕುಗಳೆಲ್ಲ ಮಾತಾಡಿಕೊಂಡಂತೆ ಎಡವಟ್ಟು ಮಾಡುತ್ತಿದ್ದವು. ಕಟ್ಟೆಮಳಲವಾಡಿಯಲ್ಲಿ ಹಂದಿಗೆ ಗುರಿಯಿಟ್ಟವನೊಬ್ಬ ತನ್ನ ಮನೆಯ ಹೆಂಚನ್ನೇ ಉದುರಿಸಿಕೊಂಡಿದ್ದ. ಕಾಡಂಚಿನಲ್ಲಿ ಒಬ್ಬ ಸ್ವಂತ ಎತ್ತಿನ ಕೊಂಬು ಹಾರಿಸಿದ್ದ. ಮೇಲಿನವರು ಇದಕ್ಕೇನು ಮಾಡಿದ್ದೀರಿ ಎಂದು ಮತ್ತೆಮತ್ತೆ ಕೇಳುತ್ತಿದ್ದರು. ಅಮಲ್ದಾರರಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಮೇಜಿನ ಮೇಲಿಟ್ಟ ವಸ್ತುವನ್ನು ಅವರು ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು.

"ಏನ್ರೀ ಸಾಹೇಬ್ರೇ, ಇದು ಪಿಸ್ತೂಲು ಹೌದೋ ಅಲ್ವೋ?"

"ಬೆಳಿಗ್ಗೆವರೆಗೂ ಆಗಿತ್ತು ಸ್ವಾಮಿ," ಎಂದರು ಸಾಹೇಬರು.

ಅಮಲ್ದಾರರು ಅದನ್ನು ಬಿಚ್ಚಲು ದಫೇದಾರನಿಗೆ ಹೇಳಿದರು. ದೊಡ್ಡಮಾದಯ್ಯ ಅಂಗಳಕ್ಕೆ ಒಯ್ದು, ಬಕ್ಕಲು ಎಳೆದ, ಬರಲಿಲ್ಲ. ಹಲ್ಲಿನಿಂದ ಎಳೆದ, ಹಲ್ಲು ಅಲುಗಾಡಿತು. ಮುಚ್ಚಳ ತಿರುಗಿಸಿದರೆ ಸರಪಣಿ ಬಿಗಿಯಿತು, ಸರಪಣಿ ಸಡಿಲಿಸಿದರೆ ಪಟ್ಟಿ ಬಿಗಿಯಿತು, ಹಿಡಿಕೆ ಹಿಡಿಯಹೋದರೆ ಅಂಗೈ ಸುತ್ತಲಿಲ್ಲ. ಅಷ್ಟು ಹೊತ್ತೂ ಗಂಟೆ ಬಡಿದುಕೊಂಡದ್ದನ್ನು ಕೇಳಿ, ಒಳಗಿದ್ದ ಗುಮಾಸ್ತರು ಕಚೇರಿ ಮುಗಿಯಿತೆಂದು ಕೊಡೆ ಎತ್ತಿಕೊಂಡು ಹೊರಗೆ ಬಂದರು.

ಅಮಲ್ದಾರರ ಮುಖ ಮೆಲ್ಲಗೆ ಅರಳಿತು. ಗುಂಡು ಹಾರದ ಪಿಸ್ತೂಲನ್ನು ಅವರು ಜೀವಮಾನದಲ್ಲಿ ಮೊದಲ ಬಾರಿ ನೋಡಿದ್ದರು. ಕುರ್ಚಿ ತರಿಸಿ ಸಾಹೇಬರನ್ನು ಕೂರಿಸಿದರು, ಕಾಫಿ ಕೊಡಿಸಿದರು, ಸಾರ್ವಜನಿಕರ ಕ್ಷೇಮದ ಬಗ್ಗೆ ಬಹಳ ಮಾತಾಡಿದರು. ಇಂಥ ಪ್ರಜೆಗಳು ಬೇಕು, ಇದು ಮಾದರಿಯಾಗಿ ಕಚೇರಿಯಲ್ಲಿ ಬೀಗದೊಳಗೆ ಇರಲಿ, ಇನ್ನುಳಿದ ಏರ್ಪಾಡು ನಾನು ಮಾಡುತ್ತೇನೆ, ನೀವು ಸಹಕರಿಸಬೇಕು, ಎಂದರು. ನಡುವೆ ಇಂಗ್ಲಿಷೂ ಬೆರೆತಿತ್ತು. ಸಾಹೇಬರು ಮಾತುಮಾತಿಗೂ ತಲೆಯಾಡಿಸಿದರು. ಅವರ ಕಿವಿಗೆ ಬಿದ್ದದ್ದು ಒಂದೇ ಮಾತು: ಪಿಸ್ತೂಲು ಕಚೇರಿಯಲ್ಲೇ ಇರಲಿ.

ಹೊರಬಂದಾಗ ಅವರಿಗೆ ಹೆಗಲು ಹಗುರ, ಎದೆ ಹಗುರ. ಸಾಧು ಮಾಡಿಸಿಕೊಂಡು ಬನ್ನಿ ಎಂದಿದ್ದಳು ಹೆಂಡತಿ. ಮನೆಯಿಂದಲೇ ತೊಲಗಿತು, ಅದೂ ಸರ್ಕಾರದ ಮರ್ಯಾದೆಯೊಂದಿಗೆ. ಮಸೀದಿಗೆ ಹೋಗಿ ನಮಾಜು ಮಾಡಿದರು. ಸಂತೋಷಕ್ಕೆ ಮಿಠಾಯಿ ಅಂಗಡಿಯಲ್ಲಿ ಹಲ್ವ ಕಟ್ಟಿಸಿದರು, ಅಲ್ಲಿ ಸಿಕ್ಕಿದವರಿಗೆಲ್ಲ ಅಮಲ್ದಾರರು ಕಾಫಿ ಕೊಟ್ಟ ಕತೆ ಹೇಳಿದರು. ಎಲ್ಲೋ ದೂರದಲ್ಲಿ ತಮಟೆ ಬಾರಿಸಿ ಸಾರುವುದು ಕೇಳಿಸಿತು. ಯಾರದೋ ಎಮ್ಮೆ ಕಳೆದಿರಬೇಕು ಎಂದುಕೊಂಡರು.

ಹೊತ್ತು ಇಳಿಯುವಾಗ ಮನೆ ಬೀದಿಗೆ ತಿರುಗಿದರೆ, ಬಾಗಿಲ ಮುಂದೆ ಪಿರಿಯಾಪಟ್ಟಣದ ಗಾಡಿ ನಿಂತಿತ್ತು. ಅದರ ಹಿಂದೆ ಇನ್ನೂ ಗಾಡಿಗಳು, ಕುದುರೆಗಳು, ತಲೆಗೆ ಟವೆಲು ಸುತ್ತಿದ ಗೌಡರು. ಜಗುಲಿಯ ಉದ್ದಕ್ಕೂ ಗೋಡೆಗೆ ಒರಗಿಸಿ ಕಬ್ಬಿನ ಜಲ್ಲೆ ಇಟ್ಟಂತೆ ಬಂದೂಕು ಇಟ್ಟಿದ್ದರು. ಒಂಟಿ ಕೊಳವೆ, ಜೋಡಿ ಕೊಳವೆ, ತಾತನ ಕಾಲದ ಕೇಪಿನ ಕೋವಿ, ಹಿಡಿಕೆಗೆ ಹಗ್ಗ ಸುತ್ತಿದ್ದು. ನಡುವೆ ನಿಂತು ದೊಡ್ಡಮಾದಯ್ಯ ಒಬ್ಬೊಬ್ಬರನ್ನೇ ಕೂಗಿ ಕರೆದು ಇಡಿಸುತ್ತಿದ್ದ.

ಸಾಹೇಬರು ಏನೆಂದು ಕೇಳಿದರು.

"ಅಮಲ್ದಾರ್ರ ಉಕುಂ," ಎಂದ ದೊಡ್ಡಮಾದಯ್ಯ. "ತಾಲ್ಲೂಕಿನ ಕೋವಿಗೆಲ್ಲ ನಿಮ್ ಪಿಸ್ತೂಲಿನಂಗೇ ಮಾಡಿಸ್ಬೇಕಂತೆ. ಮಾಡ್ಸಿ ಮುಗ್ಸೋಗಂಟ ಎಲ್ಲಾ ನಿಮ್ಮನೇಲೇ ಇರ್ತವೆ. ನೀವು ಒಪ್ಕೊಂಡ್ರಂತಲ್ಲ. ನಾಳೆ ದೂರದ ಅಳ್ಳಿ ಕಡೇವು ಬತ್ತವೆ, ಇವು ಇವತ್ತಿನವು."

ಸಾಹೇಬರು ತಾವು ಯಾವಾಗ ಒಪ್ಪಿದೆವೆಂದು ನೆನಪು ಮಾಡಿಕೊಳ್ಳಲು ನೋಡಿದರು. ಕಾಫಿಯ ರುಚಿ ಮಾತ್ರ ನೆನಪಾಯಿತು. ಇವುಗಳಲ್ಲಿ ಗುಂಡು ತುಂಬಿದವು ಯಾವುವು ಎಂದು ಕೇಳಿದರು. ಗೌಡರೊಬ್ಬರು ತಮ್ಮದರಲ್ಲಿ ಇಲ್ಲವೆಂದರು. ಆಮೇಲೆ ಸ್ವಲ್ಪ ಯೋಚಿಸಿ, ಇದ್ದರೂ ಇರಬಹುದು ಎಂದರು.

ಅಕ್ತರುನ್ನೀಸಾ ಬುರ್ಕಾ ತೊಟ್ಟು, ಬಟ್ಟೆಯ ಗಂಟು ಹಿಡಿದು ಹೊಸ್ತಿಲ ಮೇಲೆ ನಿಂತಿದ್ದಳು. ಅವಳ ದನಿಯಲ್ಲಿ ಕೋಪವಿರಲಿಲ್ಲ, ಅದರಿಂದಲೇ ಸಾಹೇಬರಿಗೆ ಹೆಚ್ಚು ಭಯವಾದದ್ದು.

"ಇಷ್ಟರಲ್ಲಿ ನಮ್ದು ಯಾವ್ದು?"

"ನಮ್ದು ಇಲ್ಲಿಲ್ಲ," ಎಂದರು ಸಾಹೇಬರು. "ಅದೊಂದು ಸಾಧು ಆಯ್ತು ಅಂತ ಕಚೇರೀಲಿ ಇಟ್ಕೊಂಡ್ರು."

ಅವಳು ಹಲ್ವದ ಪೊಟ್ಟಣವನ್ನು ಅವರ ಕೈಯಿಂದ ತೆಗೆದುಕೊಂಡು, ಬಂದೂಕುಗಳಿಗೆ ಬುರ್ಕಾದ ಅಂಚು ತಾಕದಂತೆ ಸುತ್ತು ಹಾಕಿ, ಗಾಡಿ ಹತ್ತಿದಳು. ಸಾಹೇಬರು ತಾವೂ ಹತ್ತಲು ಒಂದು ಕಾಲು ಮೇಲಿಟ್ಟರು. ದೊಡ್ಡಮಾದಯ್ಯ ಮರ್ಯಾದೆಯಿಂದಲೇ ಅವರ ತೋಳು ಹಿಡಿದು ಕೆಳಗಿಳಿಸಿದ. ಸರ್ಕಾರಿ ಜವಾಬ್ದಾರಿ ಇರುವವರು ಊರು ಬಿಡುವ ಹಾಗಿಲ್ಲ ಎಂದ.

ಗಾಡಿ ಹೊರಟಿತು. ಸಾಹೇಬರು ಜಗುಲಿಯ ಮೇಲೆ ಉಳಿದಿದ್ದ ಗೇಣು ಜಾಗದಲ್ಲಿ ಉಸಿರು ಬಿಗಿಹಿಡಿದು ಕುಳಿತರು. ಅಷ್ಟರಲ್ಲಿ ಹೊಸದಾಗಿ ಬಂದ ಗೌಡರೊಬ್ಬರು ಹೆಗಲ ಮೇಲಿನ ಜೋಡಿ ಕೊಳವೆ ಇಳಿಸಿಕೊಂಡು, ಒಸಿ ಸರಕೊಳ್ಳಿ ಸಾಹೇಬ್ರೆ, ಎಂದರು. ಸಾಹೇಬರು ಸರಿದು ಜಾಗ ಕೊಟ್ಟರು.