ಗಾನಗಾಣ

“‘ಸಾ’ ಅಂತ ಕೇಳಿಸಿದ್ರೆ ಸಾಕು, ಗಾನಗಾಣ ತಿರುಗೋಕೆ ಶುರು!” ಎಂದು ವೆಂಕಟಪತಿ ಗಾನಸಭೆಯ ವೇದಿಕೆಯ ಮೇಲೆ ತಾನೇ ಮಾಡಿದ, ಇನ್ನೂ ಕೀಲಿ ಕೊಡದ ಪೆಟ್ಟಿಗೆಯನ್ನು ಸವರಿದಾಗ, ಅವನ ಹೆಂಡತಿ ಅಲಮೇಲು ವೀಣೆಯನ್ನು ಮಡಿಲಿಗೆ ಎಳೆದುಕೊಂಡಳು. ಅವಳ ಮೊದಲ ಕಛೇರಿ ಅದು. ಪಕ್ಕವಾದ್ಯದವರು ಕೈಕೊಟ್ಟಿದ್ದರು. ‘ಸಾ’ ಆದಮೇಲೆ ನುಡಿಸಿದ್ದನ್ನು ಹಿಡಿದು, ಸುತ್ತಿ ಸುತ್ತಿ ಕೇಳಿಸುವುದು ಯಂತ್ರದ ಕೆಲಸ.

“ಎಲ್ಲಾ ಕಲಸುಮೇಲೋಗರ ಆಗಲ್ವೇನ್ರೀ?”

“ಒಂದೇ ದನಿ ಎರಡು ಕಡೆಯಿಂದ ಬಂದ್ರೆ ತಾನೆ? ಹೊರಗಿನ ದನೀನ ಅದು ನುಂಗಿಬಿಡತ್ತೆ!”

ಅವನು ಕೀಲಿ ಕೊಟ್ಟ. ಅಲಮೇಲು ವೀಣೆಯಲ್ಲಿ ‘ಸಾ’ ಮೀಟಿ ಖಂಜಿರ ಬಾರಿಸಿದಳು. ಮತ್ತೆ ‘ಸಾ’ ಮೀಟಿ ವೀಣೆ ನುಡಿಸಿದಳು. ಪೆಟ್ಟಿಗೆಯಿಂದ ಎರಡೂ ಬಿಡಿಬಿಡಿಯಾಗಿ, ಸ್ಫಟಿಕದ ಹಾಗೆ ಕೇಳಿಸಿದವು. ಆದರೆ ಮಡಿಲಲ್ಲಿದ್ದ ವೀಣೆ ಈಗ ಎಷ್ಟು ಮೀಟಿದರೂ ಮೂಕ! ಉಳಿದಿದ್ದು ಹಾಡು ಮಾತ್ರ.

ಅಷ್ಟರಲ್ಲಿ ಕಾರ್ಯದರ್ಶಿ ಪುಟ್ಟಶಾಮಯ್ಯ ಕೆಳಗಿನಿಂದ ಎದ್ದು, “ಸಾರ್, ಸೌಂಡ್ ಜಾಸ್ತಿ!” ಎಂದರು.

“ಸಾರ್, ಸೌಂಡ್ ಜಾಸ್ತಿ!” ಎಂದಿತು ಪೆಟ್ಟಿಗೆ, ತಾಳ ತಪ್ಪದೆ, ಮತ್ತೆ ಮತ್ತೆ. ಪುಟ್ಟಶಾಮಯ್ಯ ಬಾಯಿ ತೆರೆದರು. ದನಿಯೇ ಇಲ್ಲ!

“ಸಾಯ್ತಾರೇನೋ ನಮ್ಮನೆಯವ್ರು!” ಎಂದು ಅವರ ಹೆಂಡತಿ ಚೀರಿದರು. ಅವರದೂ ಹೋಯಿತು. “ಸಾಕು ನಿಲ್ಸಿ!” ಎಂದವರದೆಲ್ಲ ಹೋಯಿತು. ಸಭೆಯ ತುಂಬ ತೆರೆದ ಬಾಯಿಗಳು. ಪೆಟ್ಟಿಗೆಯೊಳಗೆ ಒಬ್ಬೊಬ್ಬರ ಚೀತ್ಕಾರವೂ ಬೇರೆ ಬೇರೆ, ಬಲು ಸ್ಪಷ್ಟ.

ಅಲಮೇಲುವಿನ ನಾಲಿಗೆಯ ತುದಿಗೂ ‘ಸಾಕು’ ಬಂದಿತ್ತು. ಬಾಯಿಗೆ ಸೆರಗು ಒತ್ತಿಕೊಂಡಳು. ಎಷ್ಟು ವರ್ಷ ಪಳಗಿಸಿದ ಕಂಠ, ಒಂದಕ್ಷರಕ್ಕೆ ಹೋಗಿಬಿಡುತ್ತಿತ್ತಲ್ಲ! ಅವಳು ಗಂಡನತ್ತ ಬಾಗಿ ಪಿಸುಗುಟ್ಟಿದಳು, “ಹೇಗ್ರೀ ನಿಲ್ಸೋದು?”

“ಚಪ್ಪಾಳೆಗೆ ನಿಲ್ಲತ್ತೆ. ಕಛೇರಿ ಮುಗಿದ್ಮೇಲೆ ತಟ್ಟೇ ತಟ್ತಾರಲ್ಲ!”

“ನಾವೇ ತಟ್ಟೋಣ್ವಾ?”

“ವೇದಿಕೆ ಮೇಲಿರೋರದ್ದು ಲೆಕ್ಕಕ್ಕಿಲ್ಲ ಕಣೆ. ಮರ್ಯಾದೆ ಬೇಡ್ವಾ?”

ಅಲಮೇಲು ಸಭೆಗೆ ಕೈಮುಗಿದಳು. ಚಪ್ಪಾಳೆ ತಟ್ಟಿ ತೋರಿಸಿ, ಕಣ್ಣಲ್ಲಿ ನೀರು ತಂದುಕೊಂಡು ಬೇಡಿದಳು. ಪುಟ್ಟಶಾಮಯ್ಯನವರ ಕೈಗಳು ಮೊದಲು ಸೇರಿದವು. ಆಮೇಲೆ ಇಡೀ ಸಭೆ ಪ್ರಾಣಭಯದಿಂದ ತಟ್ಟಿತು! ಪೆಟ್ಟಿಗೆ ನಿಂತಿತು. ಎಲ್ಲರ ದನಿಯೂ ಮರಳಿತು. ಮರಳಿದ್ದೇ ತಡ, ಒಬ್ಬರೂ ಉಳಿಯದೆ ಬೀದಿಗೆ ಓಡಿದರು.

“ನೋಡ್ದ್ಯಾ?” ವೆಂಕಟಪತಿ ಎದೆಯುಬ್ಬಿಸಿದ. “ಸಾಮಾನ್ಯ ಯಂತ್ರ ಅಲ್ಲ ಇದು!”

“ಸಾಮಾನ್ಯ ಯಂತ್ರ ಅಲ್ಲ ಇದು! ಸಾಮಾನ್ಯ ಯಂತ್ರ ಅಲ್ಲ ಇದು!” ಎಂದು ಸುತ್ತತೊಡಗಿತು ಪೆಟ್ಟಿಗೆ. ವೆಂಕಟಪತಿ ಬಾಯಿ ಬಾಯಿ ಬಿಟ್ಟ. ಕೆಳಗಿಳಿದು ತಟ್ಟು ಎಂದು ಹೆಂಡತಿಗೆ ಸನ್ನೆ ಮಾಡಿದ.

ಅಲಮೇಲು ಮೊದಲು ಪೆಟ್ಟಿಗೆಯ ಸ್ಪೀಕರಿನ ತಂತಿ ಕಿತ್ತಳು; ಸದ್ದು ಅಡಗಿತು, ಗಂಡನ ದನಿ ಒಳಗೇ ಉಳಿಯಿತು. ಆಮೇಲೆ ಕೆಳಗಿಳಿದು, ಮುಂದಿನ ಸಾಲಿನಲ್ಲಿ ಕುಳಿತು, ಉಳಿದಿದ್ದ ಹಾಡುಗಳನ್ನೆಲ್ಲ, ‘ಸಾ’ ಬಂದಲ್ಲೆಲ್ಲ ನುಂಗಿಕೊಂಡು, ನಿಧಾನವಾಗಿ ಹಾಡಿದಳು. ಕೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು; ಚಪ್ಪಾಳೆಗೆ ಬಿಡುವಾಗಲಿಲ್ಲ.